ಎಪ್ಪತ್ತೊಂದರ ಧೂಳು

ಅಪ್ಪನನ್ನು ವೇದಿಕೆ ಹತ್ತಿಸುವುದು ಬೇಡ ಎಂದವಳು ಮಗಳು ದಿಶಾ. "ಮಮ್ಮಿ, ಪಪ್ಪಾ ಕೋ ಸ್ಟೇಜ್ ಪೆ ಮತ್ ಭೇಜೋ" ಎಂದು ಡೊಂಬಿವಲಿ ಸ್ಟೇಷನ್ನಿನಲ್ಲೂ ಅಂಗಲಾಚಿದ್ದಳು. ಹರಿಣಾಕ್ಷಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮರೆವಿನ ಕಾಯಿಲೆ ಅವಳ ಗಂಡ ಲೀಲಾಧರರಿಂದ ಒಂದೊಂದನ್ನೇ ಹೊತ್ತೊಯ್ಯುತ್ತಿತ್ತು. ಬೀಗದ ಕೈ, ಮನೆಯ ದಾರಿ, ಅಣ್ಣ ತೀರಿಕೊಂಡ ಸುದ್ದಿ. ಮಂಗಳ ಗ್ರಹದ ಧೂಳು ಬಿರುಗಾಳಿಗಳ ಉಪನ್ಯಾಸವೊಂದನ್ನು ಮಾತ್ರ ಇನ್ನೂ ಮುಟ್ಟಿರಲಿಲ್ಲ. ರಾತ್ರಿಶಾಲೆಯ ಮಾಸ್ಟ್ರಾಗಿದ್ದಾಗ ಅವರು ಅದನ್ನು ಹೇಳದ ಕನ್ನಡ ಸಂಘವಿರಲಿಲ್ಲ. ಅದೂ ಹೋದರೆ ಈ ಮನುಷ್ಯನಲ್ಲಿ ಉಳಿಯುವುದೇನು ಎಂಬ ಹೆದರಿಕೆಯಲ್ಲೇ ಅವಳು ಠಾಣೆ ಊರಿನ ಕನ್ನಡ ಸಂಘದವರಿಗೆ ಹೂಂ ಅಂದದ್ದು.

ಶುರು ಚೆನ್ನಾಗಿಯೇ ಆಯಿತು. ಹಿಂದಿನವರು ದೂರದರ್ಶಕದಲ್ಲಿ ಕಂಡ ಹಳದಿ ಮೋಡ, ಅದು ಧೂಳಿರಬೇಕೆಂದು ಊಹಿಸಿದವರ ಜಾಣತನ, ಎಲ್ಲ ಸರಾಗವಾಗಿ ಬಂತು. ಮುಂದಿನ ಸಾಲಿನಲ್ಲಿ ಕುಳಿತ ಹರಿಣಾಕ್ಷಿಯ ತುಟಿಯೂ ಜೊತೆಗೇ ಆಡುತ್ತಿತ್ತು.

"ಸಾವಿರದ ಒಂಬೈನೂರ ಎಪ್ಪತ್ತೊಂದು," ಎಂದರು ಲೀಲಾಧರ. "ಭೂಮಿಯಿಂದ ಹೋದ ನೌಕೆ ಮಂಗಳನ ಬಳಿ ತಲುಪಿತು. ನೋಡಿದರೆ ಇಡೀ ಗ್ರಹವೇ ಧೂಳಲ್ಲಿ ಮುಚ್ಚಿಹೋಗಿದೆ. ಏನೂ..."

ನಿಂತರು. "ಏನೂ..." ಎಂದು ಇನ್ನೊಮ್ಮೆ ಅಂದರು. ಯಾರೋ ಕೆಮ್ಮಿದರು. ಕಾರ್ಯದರ್ಶಿ ಮಧ್ವರಾಜ ನೀರಿನ ಲೋಟ ಹಿಡಿದು ಎದ್ದ. ಇವನೊಬ್ಬ, ನೀರು ಕುಡಿಸಿದರೆ ನೆನಪು ಬರುತ್ತದೆಯೇ! ಗಂಡನ ಕೈ ಮೇಜಿನ ಮೇಲೆ ಏನನ್ನೋ ತಡಕಾಡುತ್ತಿತ್ತು. ದೇವರೇ, ಇಷ್ಟು ಜನರ ಮುಂದೆ ಬೇಡ.

ಹರಿಣಾಕ್ಷಿಯ ಅಪ್ಪ ತಾಳಮದ್ದಲೆಯ ಅರ್ಥಧಾರಿ, ವೇಷವಿಲ್ಲದೆ ಕುಳಿತು ಪಾತ್ರದ ಮಾತಾಡುವವರು. ಎದುರಿನವನಿಗೆ ಮಾತು ತಪ್ಪಿದರೆ ಅಪ್ಪ ಹೇಳಿಕೊಡುತ್ತಿರಲಿಲ್ಲ, ಕೆಣಕಿ ಪ್ರಶ್ನೆ ಹಾಕುತ್ತಿದ್ದರು. ಉತ್ತರ ಕೊಡುವ ಹಟದಲ್ಲಿ ಅವನ ಮಾತು ಮರಳುತ್ತಿತ್ತು. ಹರಿಣಾಕ್ಷಿ ಎದ್ದು ನಿಂತಳು.

"ಅಷ್ಟು ದೂರ ಹೋದ ನೌಕೆ ಏನೂ ಕಾಣ್ಲಿಲ್ಲ ಅಂತ ಹೆದರಿ ವಾಪಸ್ ಬಂತಾ ಮಾಸ್ಟ್ರೇ?"

ಲೀಲಾಧರರು ತಲೆಯೆತ್ತಿದರು. "ವಾಪಸ್ಸಾ? ಅದೇನು ಕಲ್ಯಾಣ್ ಲೋಕಲ್ ಟ್ರೇನಾ, ಹೋಗಿ ಬರ್ಲಿಕ್ಕೆ? ಸುತ್ತು ಹಾಕ್ತಾ ಕಾಯ್ತಾ ಇತ್ತು! ಧೂಳು ಇಳಿಯುವಾಗ ಮೊದಲು ಕಂಡದ್ದು ಬೆಟ್ಟಗಳ ತುದಿ. ಆಮೇಲೆ ಎಲ್ಲ."

"ಕಾದವರಿಗೆಲ್ಲ ಹಾಗೆ ಕಾಣ್ತದಾ?"

"ಎಲ್ಲಿ! ಎರಡು ಸಾವಿರದ ಹದಿನೆಂಟರ ಬಿರುಗಾಳಿಯಲ್ಲಿ, ಅಲ್ಲಿ ಓಡಾಡುತ್ತಿದ್ದ ಯಂತ್ರಕ್ಕೆ ಬಿಸಿಲೇ ಸಿಗಲಿಲ್ಲ. ತಿಂಗಳುಗಟ್ಟಲೆ ಕರೆದರು. ಅದು ಓಗೊಡಲಿಲ್ಲ."

ಚಪ್ಪಾಳೆ ಬಿತ್ತು. ಹರಿಣಾಕ್ಷಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಎಂದುಕೊಂಡು ಪಕ್ಕದಲ್ಲಿ ಕುಳಿತ ಮಗಳತ್ತ ನೋಡಿದಳು.

ಲೀಲಾಧರರು ಮೈಕಿನಲ್ಲೇ ಅವಳತ್ತ ಬಾಗಿದರು. "ಒಳ್ಳೇ ಪ್ರಶ್ನೆ ಕೇಳಿದ್ರಿ ಅಮ್ಮ. ಎಲ್ಲಿಂದ ಬಂದದ್ದು ನೀವು?"

ಸಭೆ ಗೊಳ್ಳೆಂದು ನಕ್ಕಿತು. ಗಂಡ ಹೆಂಡತಿಯರ ತಮಾಷೆ ಅಂದುಕೊಂಡರು ಎಲ್ಲರೂ.

"ಡೊಂಬಿವಲಿಯಿಂದ," ಎಂದಳು ಹರಿಣಾಕ್ಷಿ.

"ಹೌದಾ! ನಮ್ಮದೂ ಅಲ್ಲೇ. ಒಮ್ಮೆ ಮನೆಗೆ ಬನ್ನಿ. ನನ್ನ ಹೆಂಡತಿಗೆ ತಾಳಮದ್ದಲೆ ಅಂದ್ರೆ ಜೀವ. ನೀವು ಹೀಗೆ ಕೇಳುವುದು ನೋಡಿದ್ರೆ ಅವಳಿಗೆ ಖುಷಿಯಾಗ್ತದೆ."

ನಗು ಇನ್ನೂ ಜೋರಾಯಿತು. ದಿಶಾ ಅಮ್ಮನ ಸೆರಗು ಹಿಡಿದು ಜಗ್ಗುತ್ತಿದ್ದಳು. ಹರಿಣಾಕ್ಷಿ ಒಂದು ಹೆಜ್ಜೆ ಮುಂದಿಟ್ಟು ವೇದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬರ್ತೇನೆ ಮಾಸ್ಟ್ರೇ," ಎಂದಳು.