ಅರ್ಜೆಂಟ್ ಚೀಟಿಯ ಹಾಸಿಗೆ ಗಂಟು

ನಮ್ಮ ಬೀದಿಯ ಟೈಲರ್ ಅಂಗಡಿ ಬಾಗಿಲು ತೆಗೆಯೋದು ಒಂಬತ್ತಕ್ಕೆ. ಒಳಗೆ ಕೆಲಸ ಮಾತ್ರ ಐದೂವರೆಗೇ ಶುರು. ಚಾಪೆ ಸುತ್ತಬೇಕು. ಸ್ಟವ್ವನ್ನು ಗುಂಡಿ ಡಬ್ಬಗಳ ಹಿಂದೆ ತಳ್ಳಬೇಕು. ಹಾಸಿಗೆ, ದಿಂಬು, ಹೊದಿಕೆ ಎಲ್ಲ ಸೇರಿಸಿ ಗಂಟು ಕಟ್ಟಿ, ಗಿರಾಕಿಗಳ ಬಟ್ಟೆಯ ಜೊತೆ ಇಡಬೇಕು. ಯಾರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ ಆ ಗಂಟಿಗೂ ಒಂದು ಚೀಟಿ ಚುಚ್ಚಿದ್ದ ಟೈಲರ್: 'ಅರ್ಜೆಂಟ್. ಶನಿವಾರ.'

ಟೈಲರನ ಕುಟುಂಬ ಇದ್ದ ಬಾಡಿಗೆ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಕಟ್ಟಡ ಕೆಡವಬೇಕೆಂದು ಮಾಲೀಕ ಎಲ್ಲರನ್ನೂ ಬಿಡಿಸಿದ್ದ. ಬೇರೆ ಮನೆಗೆ ಅಡ್ವಾನ್ಸ್ ಹೊಂದಿಸಲಾಗದೆ ಟೈಲರ್, ಅವನ ಹೆಂಡತಿ, ಎಂಟು ವರ್ಷದ ಮಗಳು ಅಂಗಡಿ ಸೇರಿ ಆರು ವಾರ ಆಗಿತ್ತು. ಬಟ್ಟೆ ಧೂಳಿಗೆ ಮಗಳಿಗೆ ಕೆಮ್ಮು ಹತ್ತಿತ್ತು.

ಟೈಲರ್ ಮಾತ್ರ ನಗುನಗುತ್ತಲೇ ಇದ್ದ. ಅವನಿಗೆ ಎಲ್ಲರ ದನಿಯನ್ನೂ ಅಣಕಿಸಲು ಬರುತ್ತಿತ್ತು. ಹಾಲಿನವನು, ಸ್ಕೂಲಿನ ಹೆಡ್‌ಮಾಸ್ಟರ್, ಬಸ್ ಕಂಡಕ್ಟರ್, ಯಾರು ಬೇಕೋ ಹೇಳಿ.

ಎದುರುಗಡೆ ಇಸ್ತ್ರಿ ಅಕ್ಕನ ಗಾಡಿ. ಒಂದು ದಿನ ಆಕೆ ಟೈಲರನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: "ಎಷ್ಟು ಶನಿವಾರ ಹೋದ್ವು ತಂಗಿ, ಆ ಅರ್ಜೆಂಟ್ ಗಂಟು ಮಾತ್ರ ಕದಲಲೇ ಇಲ್ಲವಲ್ಲ?"

ಟೈಲರನ ಹೆಂಡತಿಯ ಕಣ್ಣು ತುಂಬಿ ಬಂತು. ಆಗ ಅಕ್ಕ ತನ್ನ ಕಥೆ ಹೇಳಿದಳು. ಹಿಂದೊಮ್ಮೆ ತಾನೂ ಗಾಡಿ ಪಕ್ಕದಲ್ಲೇ ಮಲಗಿದ್ದು. ವಸತಿ ನೆರವು ಕೇಂದ್ರದವರು ಮೊದಲು ತಾತ್ಕಾಲಿಕ ಕೋಣೆ ಕೊಟ್ಟಿದ್ದು. ಆಮೇಲೆ ಮನೆ ಹುಡುಕಿ, ಮಾಲೀಕರ ಹತ್ತಿರ ಮಾತಾಡಿ, ಅಡ್ವಾನ್ಸಿಗೂ ಕೈ ಜೋಡಿಸಿದ್ದು.

ಸುದ್ದಿ ಕೇಳಿ ಟೈಲರ್ ಮೂಗಿಗೆ ಅಳತೆ ಟೇಪು ಸುತ್ತಿಕೊಂಡು ಆಫೀಸು ಗುಮಾಸ್ತನ ದನಿ ತೆಗೆದ: "ಫೋಟೋದಲ್ಲಿ ಕಿವಿ ಕಾಣ್ತಿಲ್ಲ. ನಾಳೆ ಬಾ."

ಹೆಂಡತಿ ನಕ್ಕಳು. ಮಾರನೇ ದಿನ ಕೇಂದ್ರಕ್ಕೆ ಹೋಗಿ ಅರ್ಜಿ ಕೊಟ್ಟೂ ಬಂದಳು.

ನಾಲ್ಕನೇ ದಿನ ಕೇಂದ್ರದ ಮೇಡಂ ಮನೆ ತಪಾಸಣೆಗೆ ಬರುವುದೆಂದಾಯಿತು. ಮನೆಯೇ ಇಲ್ಲ, ಅದರ ತಪಾಸಣೆ ಬೇರೆ. ಬರುವವರು ದೊಡ್ಡವರಲ್ಲವೇ ಎಂದು ಟೈಲರ್ ಅಂಗಡಿಯನ್ನು ಎಂದಿಗಿಂತ ಚೊಕ್ಕಟ ಮಾಡಿದ. ಮಗಳ ಒಂದು ರಿಬ್ಬನ್ ಕೂಡ ಹೊರಗೆ ಉಳಿಯಲಿಲ್ಲ.

ಮೇಡಂ ಬಂದಾಗ ಪ್ಯಾಂಟಿನ ಅಳತೆಗೆ ಒಬ್ಬ ಗಿರಾಕಿ ನಿಂತಿದ್ದ. ಅವನೆದುರು ಟೈಲರನಿಗೆ ನಾಚಿಕೆಯಾಯಿತು. ನಮಗೇನೂ ತೊಂದರೆ ಇಲ್ಲ, ಎಲ್ಲ ಆರಾಮ ಅಂದುಬಿಟ್ಟ. ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಸೂಜಿ ನಿಂತಿತು.

ಮೇಡಂ ಸುತ್ತಲೂ ನೋಡಿದರು. "ನಾನು ಕಂಡಿದ್ದು, ನೀವು ಹೇಳಿದ್ದು, ಅಷ್ಟೇ ಬರೆಯೋಕಾಗೋದು. ಇಲ್ಲಿ ಯಾರೂ ವಾಸವಿಲ್ಲ ಅಂತ ಬರೆದರೆ ಅರ್ಜಿ ಇಲ್ಲಿಗೇ ಮುಗೀತು. ಬರೆಯಲಾ?"

ಗಾಡಿಯ ಹತ್ತಿರದಿಂದ ಇಸ್ತ್ರಿ ಅಕ್ಕನ ಮಾತು ಬಂತು. "ಟೈಲರಪ್ಪಾ, ಊರವರ ದನಿಯೆಲ್ಲ ತೆಗೀತೀಯ. ಒಂದ್ಸಲ ನಿನ್ನ ದನೀಲಿ ಮಾತಾಡಪ್ಪ."

ಟೈಲರ್ ಕತ್ತರಿ ಕೈಗೆ ತೆಗೆದುಕೊಂಡ. ಆ ಅರ್ಜೆಂಟ್ ಗಂಟನ್ನು ಎಳೆದು ಮೇಜಿನ ಮೇಲೆ ಹಾಕಿ ದಾರ ಕತ್ತರಿಸಿದ. ಗಿರಾಕಿಯ ಪ್ಯಾಂಟ್ ಬಟ್ಟೆಯ ಮೇಲೆ ಹಾಸಿಗೆ ಬಿಚ್ಚಿಕೊಂಡಿತು.

"ಮೂರು ಜನಾನೂ ಇಲ್ಲೇ ಮಲಗ್ತೀವಿ ಮೇಡಂ. ಮಗಳು ಈ ಮೇಜಿನ ಕೆಳಗೆ. ಅಂಗಡಿ ಮಾಲೀಕರಿಗೆ ಗೊತ್ತಾದ್ರೆ ಇದೂ ಹೋಗುತ್ತೆ ಅಂತ ಭಯ."

ಗಿರಾಕಿ ತನ್ನ ಬಟ್ಟೆಯನ್ನು ಮೆತ್ತಗೆ ಎಳೆದು ಮಡಚಿಟ್ಟು, ತನ್ನದೇನೂ ಅವಸರವಿಲ್ಲ ಎಂದು ಹೇಳಿ ಹೋದ. ಮೇಡಂ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡರು. ಈ ವಿಷಯ ಕೇಂದ್ರದಾಚೆ ಹೋಗುವುದಿಲ್ಲ, ಬೇಕಾದರೆ ಅಂಗಡಿ ಮಾಲೀಕರ ಜೊತೆ ನಾವೇ ಮಾತಾಡುತ್ತೇವೆ ಎಂದು ಧೈರ್ಯ ಹೇಳಿದರು.

ಎಲ್ಲ ಒಂದೇ ದಿನಕ್ಕೆ ಆಗಲಿಲ್ಲ. ಮೂರು ಸಲ ಓಡಾಟ. ಒಂದು ಫೋಟೋ ಮತ್ತೆ ತೆಗೆಸಬೇಕಾಯಿತು. ನಿಜವಾಗಿಯೂ ಕಿವಿ ಕಂಡಿರಲಿಲ್ಲ. ಮೊದಲು ಸಿಕ್ಕಿದ್ದು ತಾತ್ಕಾಲಿಕ ಕೋಣೆ. ಎರಡು ತಿಂಗಳ ಮೇಲೆ ಹಿಂದಿನ ಬೀದಿಯಲ್ಲಿ, ಕಿಟಕಿ ಇರುವ ಒಂದು ಪುಟ್ಟ ಮನೆ. ಮಗಳ ಕೆಮ್ಮು ಅಷ್ಟರಲ್ಲೇ ಇಳಿಮುಖ.

ಸಾಮಾನು ಸಾಗಿಸಿದ್ದು ಒಂದು ಶನಿವಾರ ಸಂಜೆ. ಹಾಸಿಗೆ ಬಿಡಿಸುತ್ತಿದ್ದ ಹೆಂಡತಿಯ ಕೈಗೆ ಹಳೇ ಚೀಟಿ ಸಿಕ್ಕಿತು. ಆಕೆ ಸೊಂಟಕ್ಕೆ ಕೈಯಿಟ್ಟು ಜೋರು ಗಿರಾಕಿಯ ದನಿ ತೆಗೆದಳು: "ಏನ್ ಟೈಲರೇ, ಅರ್ಜೆಂಟ್ ಅಂದಿದ್ದೆ. ನಮ್ದು ಆಯ್ತಾ?"

ಮಗಳು ಬಿದ್ದುಬಿದ್ದು ನಕ್ಕಳು. ಟೈಲರ್ ಯಾರ ದನಿಯನ್ನೂ ತೆಗೆಯಲಿಲ್ಲ. "ಆಯ್ತು ಕಣೇ," ಅಂದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ತಲೆಯ ಮೇಲಿನ ಸೂರು ಹೋಗಿದ್ದರೆ, ಹೋಗುವ ಹಾಗಿದ್ದರೆ, ಅದನ್ನು ಗಂಟು ಕಟ್ಟಿ ಬಚ್ಚಿಡಬೇಡಿ. ನಿಮ್ಮ ಹತ್ತಿರ ವಸತಿ ನೆರವು ಎಲ್ಲಿ ಸಿಗುತ್ತದೆ ಎಂದು ಇವತ್ತೇ ವಿಚಾರಿಸಿ. ನೋಡಲು ಬಂದವರಿಗೆ ಎಲ್ಲಿ ಮಲಗುತ್ತೀರಿ ಎಂಬುದನ್ನು ಇದ್ದ ಹಾಗೇ ತೋರಿಸಿ. ನಿಮ್ಮ ಎದುರಿನ ಅಂಗಡಿಯಲ್ಲಿ ಕದಲದ ಗಂಟೊಂದು ಕಂಡರೆ ಬೀದಿಗೆಲ್ಲ ಸಾರಬೇಡಿ. ಹತ್ತಿರ ಹೋಗಿ ಮೆಲ್ಲಗೆ ಕೇಳಿ.