ನೈದೆನ್ ಮುಚ್ಚಿದ ಬಿರುಕು

ಅಂಗಳದಲ್ಲಿ ಹಾಸಿದ್ದ ಗೋಣಿತಾಟಿನ ಮೇಲೆ ಗಿನಾ ಬಗ್ಗಿ ನೀರು ಸುರಿಯುತ್ತಿದ್ದಳು. ಅರ್ಧವೂ ಸುರಿದಿರಲಿಲ್ಲ, ಗಂಡನ ಅಕ್ಕ ಪೆನಾ ಬಂದು ಬಿಂದಿಗೆ ಕಿತ್ತುಕೊಂಡಳು.

"ಬುದ್ಧಿ ನೆಟ್ಟಗಿದೆಯಾ ನಿಂಗೆ? ಒಳಗೆ ಹೆಣ ಇದೆ! ಅದು ಮನೆ ದಾಟೋವರೆಗೂ ಕಸ ಗುಡಿಸ್ಬಾರ್ದು, ನೀರು ಚೆಲ್ಲಬಾರ್ದು. ಇಷ್ಟೂ ಗೊತ್ತಿಲ್ವಾ?"

"ಗೊತ್ತು ಅತ್ತಿಗೆ. ಆದ್ರೆ ಇದು ಒಣಗಿದ್ರೆ ಬಿಟ್ಕೊಳ್ಳುತ್ತೆ."

"ಯಾವ್ದು?"

"ನಿಮ್ಮ ತಮ್ಮ ಮುಚ್ಚಿದ ಬಿರುಕು."

"ಅಯ್ಯೋ, ಗಂಡ ಹೋಗಿದ್ದಕ್ಕಿಂತ ಬಿರುಕು ಹೆಚ್ಚಾಯ್ತಾ ನಿಂಗೆ!"

ಮಣ್ಣಾದ ಮೇಲೆ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸುತ್ತಿದ್ದ ಹೆಂಗಸರು ಲೊಚಗುಟ್ಟಿದರು. ಜುಲೈ ತಿಂಗಳ ನಡುಬೇಸಿಗೆಯ ಬಿಸಿಲು ದ್ರಾಕ್ಷಿ ಚಪ್ಪರ ದಾಟಿ ಅಂಗಳಕ್ಕೆ ಇಳಿಯುತ್ತಿತ್ತು. ಗೋಣಿಯ ಒಂದು ತುದಿ ಆಗಲೇ ಒಣಗಿ ಬಿಳಚಿಕೊಂಡಿತ್ತು.

*

ಮದುವೆಯಾದ ವರ್ಷ ನೈದೆನ್ ತಾನೇ ನಿಂತು ಹಾಕಿದ ಕಾಂಕ್ರೀಟ್ ಅಂಗಳ ಅದು. ನೀರು ಹೆಚ್ಚಾಗಿ, ಮೊದಲ ಚಳಿಗಾಲಕ್ಕೇ ಬಾಗಿಲಿನಿಂದ ಗೇಟಿನವರೆಗೆ ಬಿರುಕು ಬಿಟ್ಟಿತ್ತು. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಅವನು ಮುಚ್ಚುವುದು, ಪ್ರತಿ ಹಿಮಗಾಲದಲ್ಲೂ ಅದು ಚಕ್ಕೆ ಚಕ್ಕೆಯಾಗಿ ಎದ್ದು ಬರುವುದು. ಬ್ರೆಡ್ಡಿನ ವ್ಯಾನು ಓಡಿಸಿ ಊರಿಗೆಲ್ಲ ಬೇಕಾದವನಾಗಿದ್ದ; ಆದರೂ ಯಾರದಾದರೂ ಕೆಲಸ ಮುಗಿಯದೆ ಎಳೆದಾಡಿದರೆ, 'ನೈದೆನ್ ಅಂಗಳ ಆಯ್ತು ಬಿಡಪ್ಪ' ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಆ ನಗು ಗಂಟಲಿಂದ ಕೆಳಗಿಳಿಯುತ್ತಿರಲಿಲ್ಲ ಅನ್ನುವುದು ಗಿನಾಗೆ ಮಾತ್ರ ಗೊತ್ತು.

ಮೊನ್ನೆ ಬೆಳಿಗ್ಗೆ ನೋಡಿದರೆ ಚಾಣ ಹಿಡಿದು ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತಿದ್ದ.

"ಮುಚ್ಚೋದು ಬಿಟ್ಟು ಅಗೀತಿದ್ದೀರಲ್ರೀ!"

"ಇಷ್ಟು ವರ್ಷ ತಪ್ಪಿದ್ದೇ ಇಲ್ಲಿ ಕಣೇ. ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಮೇಲ್ಮೇಲೆ ಸವರ್ತಿದ್ದೆ. ಸಡಿಲ ಇರೋದೆಲ್ಲ ಕಿತ್ತು, ತೊಳೆದು, ಆಮೇಲೆ ಒತ್ತಿ ತುಂಬ್ಬೇಕು."

"ಎಲ್ಲಾ ಒಡೆದು ಹೊಸದು ಹಾಕಿಸಬಾರ್ದಾ?"

"ಅರ್ಧ ಚೀಲ ಸಿಮೆಂಟು ಉಳಿದಿದೆ, ಮರಳು ಡ್ಯಾನ್ಯೂಬ್ ನದಿ ದಂಡೇದು. ಪುಗಸಟ್ಟೆ ಆಗೋದಕ್ಕೆ ಯಾಕೆ ದುಡ್ಡು?"

"ಮತ್ತೆ ಎದ್ದು ಬಂದ್ರೆ?"

"ಬರಲ್ಲ. ವಾರ ಪೂರ್ತಿ ಒದ್ದೆ ಆರದ ಹಾಗೆ ನೋಡ್ಕೊಂಡ್ರೆ ಸಾಕು. ಈ ಚಳಿಗಾಲ ಊರಿನವರ ಬಾಯಿ ಮುಚ್ಚಿಸ್ತೀನಿ ನೋಡ್ತಿರು."

ಸಂಜೆಯೊಳಗೆ ಬಿರುಕು ತುಂಬಿ, ಮೇಲೆ ಗೋಣಿ ಹಾಸಿದ. ಮರುದಿನ ಬೆಳಿಗ್ಗೆ ಗೋಣಿಗೆ ನೀರು ಹಾಕಿ ಬಂದು ಮೆಟ್ಟಿಲ ಮೇಲೆ ಕೂತ. ಗಿನಾ ಕಾಫಿ ತರುವಷ್ಟರಲ್ಲಿ ಕೂತಲ್ಲೇ ಹೋಗಿದ್ದ.

*

ಶವಪೆಟ್ಟಿಗೆ ಹೊರಟಿತು. ಮುಂದೆ ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಮಾರಿನ್ ಕೂಗಿದ, "ಹುಷಾರ್ರಪ್ಪಾ, ಗೋಣಿ ತುಳೀಬೇಡಿ! ನೈದೆನ್ ಎದ್ದು ಕೂತು ಬೈತಾನೆ!"

ಅಳುತ್ತಿದ್ದವರೂ ನಕ್ಕುಬಿಟ್ಟರು. ಹೊತ್ತವರು ಕಾಲಗಲಿಸಿ ಹೆಜ್ಜೆ ಹಾಕಿದರು, ಪೆಟ್ಟಿಗೆ ಒಂದಿಷ್ಟು ವಾಲಾಡಿತು. ಪೆನಾ ಮಾತ್ರ ನಗಲಿಲ್ಲ.

"ಏನಿದೆ ಅದರ ಕೆಳಗೆ, ಚಿನ್ನಾನಾ?" ಎಂದಳು.

"ಇದೊಂದಾದ್ರೂ ನಿಲ್ಲಲಿ ಅಂತ ಅತ್ತಿಗೆ. ಸತ್ತ ಮೇಲೂ ಊರು ಅವರನ್ನ ಆಡ್ಕೊಂಡು ನಗಬಾರ್ದು." ಗಿನಾ ತಿರುಗಿ ಗೋಣಿ ನೋಡಿದಳು. "ಆ ಅರ್ಧ ಬಿಂದಿಗೆ ಬಿಟ್ರೆ ಬೆಳಗಿಂದ ಒಂದು ಹನಿ ಬಿದ್ದಿಲ್ಲ."

ಪೆನಾ ಅವಳ ತೋಳು ಹಿಡಿದು ನಡೆದಳು. ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವ ಹಾಗೇ ಕಾಣಲಿಲ್ಲ. ಗಿನಾ ಬಿಕ್ಕಿ ಬಿಕ್ಕಿ ಅತ್ತಳು. ಕೊನೆಯ ಹಿಡಿ ಮಣ್ಣು ಹಾಕಿ ತಿರುಗಿದರೆ ಅತ್ತಿಗೆ ಇರಲಿಲ್ಲ. ಮುಂಚೆಯೇ ಮನೆ ಕಡೆ ಹೋದಳು ಎಂದರು.

ಮಣ್ಣು ಮಾಡಿ ಬಂದವರು ಕೈ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ನೀರಿನ ಬಿಂದಿಗೆಯನ್ನು ಯಾವಾಗಲೂ ಗೇಟಿನ ಹೊರಗೇ ಇಡುತ್ತಾರೆ. ಇವತ್ತು ಅಲ್ಲಿರಲಿಲ್ಲ. ಅಂಗಳದ ನಟ್ಟನಡುವೆ, ಕಪ್ಪು ಲಂಗ ಎತ್ತಿಕಟ್ಟಿಕೊಂಡು, ಪೆನಾ ತಂಬಿಗೆ ಹಿಡಿದು ನಿಂತಿದ್ದಳು.

"ಎಲ್ರೂ ಇಲ್ಲೇ ಬನ್ನಿ. ಸಾಲಾಗಿ ನಿಂತ್ಕೊಳ್ಳಿ, ಗೋಣಿ ಮೇಲೆ ಕೈ ಚಾಚಿ."

"ಇದೇನಮ್ಮಾ ಹೊಸ ಶಾಸ್ತ್ರ?" ಎಂದ ಮಾರಿನ್.

"ಹಳೇದೇ. ಹೆಣ ಮನೆ ದಾಟಿ ಆಯ್ತಲ್ಲ? ಇನ್ನು ಎಷ್ಟು ಬೇಕಾದ್ರೂ ಚೆಲ್ಲಬಹುದು."

ಬಾಗಿಲಿನಿಂದ ಗೇಟಿನವರೆಗೆ ಜನ ಎದುರುಬದುರು ನಿಂತರು. ಪೆನಾ ಒಬ್ಬೊಬ್ಬರ ಕೈಗೂ ಧಾರಾಳವಾಗಿ ಹೊಯ್ಯುತ್ತಾ ಸಾಗಿದಳು. ಗಿನಾಳ ಸರದಿ ಬಂದಾಗ ತಂಬಿಗೆ ಪೂರ್ತಿ ಬರಿದಾಗುವವರೆಗೂ ಸುರಿದಳು. ಆಮೇಲೆ ಮಾರಿನ್ ಕಡೆ ತಿರುಗಿದಳು.

"ನೀನು ಬಾಪ್ಪಾ, ಆ ತುದಿ ಇನ್ನೂ ಒಣಗಿದೆ."

ಮಾರಿನ್ ಅದಾಗಲೇ ಕೈ ತೊಳೆದಿದ್ದ, ಬೆರಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೋಗಿ, ಅಂಗಿಯ ತೋಳು ಮಡಚಿ, ಬಿಳಚಿದ ಗೋಣಿಯ ಮೇಲೆ ಮತ್ತೆ ಎರಡೂ ಕೈ ಚಾಚಿ ನಿಂತ.