ಕೆಮ್ಮಣ್ಣು ಕಟ್ಟಿದ ಅವರೆ

ಯುದ್ಧದ ವರ್ಷಗಳು. ಹೋಳೂರಿನ ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಮುದ್ದೆ ತೊಳಸುವವಳು ನಾನು, ಮುನಿಶಾಮಮ್ಮ. ಉಣ್ಣುವ ಕೈ ಬೆಳೆಯುವುದನ್ನೂ ಕಲಿಯಬೇಕು ಎಂಬುದು ಕೋದಂಡರಾಮಪ್ಪ ಮೇಷ್ಟ್ರ ಹುಚ್ಚು. ಶಾಲೆಯ ಹಿತ್ತಲಲ್ಲಿ ಮಕ್ಕಳ ಕೈಯಿಂದಲೇ ಅವರೆ ಬೆಳೆಸಿದರು. ದಪ್ಪ ಕಾಳು ಆರಿಸಿ, ಹುಳ ಬೀಳದಂತೆ ಕೆಮ್ಮಣ್ಣು ಕಲಸಿ ಕಟ್ಟಿ ಒಣಗಿಸಿ, ಬಿತ್ತನೆಗೆಂದು ಗಡಿಗೆ ತುಂಬಿಸಿ ನನ್ನ ಅಡಿಗೆಕೋಣೆಯಲ್ಲಿ ಇಡಿಸಿದರು. “ನಿನ್ನ ಕಾವಲು ಕಣಮ್ಮ” ಎಂದರು. ಚೆನ್ನಾಗಿ ಕಾದೆ ನಾನು.

ಮುಂಗಾರಿನ ಹೊತ್ತಿಗೆ ಕೋಲಾರದಿಂದ ಬೇಳೆ ಬರುವುದು ನಿಂತಿತು. ಮೇಷ್ಟ್ರು ಕೇಳಿಕೊಂಡು ಬರಲು ಹೋದರು. ಮಕ್ಕಳು ಹುಣಸೆನೀರಿಗೆ ಮುದ್ದೆ ಅದ್ದಿ ನುಂಗುವುದನ್ನು ನೋಡಿ ನೋಡಿ ನನಗೆ ರೇಗಿಹೋಯಿತು. ಪಕ್ಕದಲ್ಲೇ ಗಡಿಗೆ ತುಂಬ ಕಾಳಿಟ್ಟುಕೊಂಡು ಹಸಿದ ಮಕ್ಕಳಿಗೆ ಪಾಠ ಹೇಳುವುದು ಯಾವ ನ್ಯಾಯ? ನಮ್ಮ ಮನೆಯಲ್ಲೂ ಬಿತ್ತನೆ ಅವರೆ ಇದೆ, ತಂದು ತುಂಬಿದರಾಯಿತು ಎಂದುಕೊಂಡೆ. ಮಣ್ಣು ತೊಳೆದು ಕಾಳನ್ನೆಲ್ಲ ನೆನೆಹಾಕಿದೆ.

ಬೆಳಿಗ್ಗೆ ಮಕ್ಕಳನ್ನೇ ಕೂರಿಸಿ ಸಿಪ್ಪೆ ಹಿದುಕಿಸಿದೆ. ಮಣ್ಣು ಹೋದ ಕಾಳು ಅವರಿಗೆ ಗುರುತು ಸಿಗಲಿಲ್ಲ. ಪೆದ್ದಪ್ಪನ ಮಗಳು ಶಾಮಲ ಎಲ್ಲರಿಗಿಂತ ಬೇಗ ಹಿದುಕಿ, ಬೇಳೆಯನ್ನು ಗೆಳತಿಯರ ಮುಖಕ್ಕೆ ಚಿಮ್ಮಿಸಿ ನಕ್ಕಳು. ಆ ಮಧ್ಯಾಹ್ನ ಹಿದುಕಿದಬೇಳೆ ಸಾರಿಗೆ ಎಲ್ಲರೂ ಕೈ ನೆಕ್ಕಿಕೊಂಡು ಉಂಡರು. ನನ್ನ ಹೊಟ್ಟೆಯೂ ತಣ್ಣಗಾಯಿತು.

ಸಂಜೆ ಮನೆಗೆ ಹೋಗಿ ಅವರೆ ಕೇಳಿದರೆ ಸೊಸೆ ಅಶ್ವತ್ಥಮ್ಮ ಕಣ್ಣರಳಿಸಿದಳು.

“ಅದನ್ನ ನಂಗಲಿಗೆ ನಮ್ಮಣ್ಣನಿಗೆ ಕೊಟ್ಟು ಕಳಿಸಿದ್ನಲ್ಲ ಅತ್ತೆ. ನೀವೇ ಹೂಂ ಅಂದ್ರಿ.”

ಅಂದಿದ್ದೆ, ನಿಜ. ಊರಲ್ಲಿ ನಾಲ್ಕು ಮನೆ ಅಲೆದೆ. ಸರ್ಕಾರದ ಲೆವಿಗೆ ಕಾಳುಕಡ್ಡಿ ಅಳೆದುಕೊಟ್ಟ ವರ್ಷ ಅದು, ಯಾರಲ್ಲೂ ಮಿಕ್ಕಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನನ್ನು ನೋಡಿಯೇ ಅಂದಿರಬೇಕು. ಹಾಳು ಮಳೆಯೂ ಅಂದೇ ಹದವಾಗಿ ಸುರಿಯಿತು.

ಮರುದಿನ, ಕೋಲಾರದಿಂದ ಬರಿಗೈಲಿ ಮರಳಿದ್ದ ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಅಡಿಗೆಕೋಣೆಯ ಬಾಗಿಲಲ್ಲಿ ನಿಂತರು. “ಗಡಿಗೆ ಕೊಡಮ್ಮ, ಬಿತ್ತೋಣ.”

“ನಿನ್ನೆ ಸಾರು ಮಾಡ್ಬಿಟ್ಟೆ ಮೇಷ್ಟ್ರೇ.”

ಅವರು ಒಳಬಂದು ಖಾಲಿ ಗಡಿಗೆಯೊಳಗೆ ಬಗ್ಗಿ ನೋಡಿದರು. ಬಯ್ದಿದ್ದರೆ ಎಷ್ಟೋ ಮೇಲಿತ್ತು. ಶಾಮಲ ತನ್ನ ಬೆರಳುಗಳನ್ನು ನೋಡಿಕೊಂಡಳು.

“ನಾವು ಹಿದುಕಿದ್ದು ನಮ್ಮ ಬೀಜಾನಾ ಅಜ್ಜಿ?”

“ನಿಮ್ಮ ತಪ್ಪಲ್ಲ ಕಣೇ. ನಾನು ಹಿದುಕಿಸಿದ್ದು.”

ಮಧ್ಯಾಹ್ನ ಮತ್ತೆ ಮುದ್ದೆ, ಹುಣಸೆನೀರು. ಉಳಿದ ಮಕ್ಕಳು ಅದ್ದಿ ನುಂಗಿದರು. ಶಾಮಲ ಮಾತ್ರ ತಟ್ಟೆಗೆ ಕೈ ಹಾಕದೆ ನನ್ನ ಮುಖ ನೋಡಿದಳು.

“ಈ ರಾಗಿ ಯಾರ ಬಿತ್ತನೇದೂ ಅಲ್ಲ ತಾನೆ ಅಜ್ಜಿ?”

ಅಲ್ಲ ಎಂದೆ. ಅವಳು ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ, ಅವರೂ ಅಲ್ಲ ಎಂದ ಮೇಲೆ ತುತ್ತು ಮುರಿದಳು.